ಬೆಲೆಯಲ್ಲಿ ನ್ಯಾಯ, ಊಟದಲ್ಲಿ ಸತ್ವ

(ದಢೇಸುಗೂರಿನಲ್ಲಿ ಅಕ್ಕಿ ಗಿರಣಿಯ ಕೆಲಸಗಾರರು, ಹಮಾಲರು ಮತ್ತು ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನಲ್ಲಿ ನಿಂತು ಅನ್ನದ ಮಾತನ್ನಾಡುವುದೆಂದರೆ ಒಕ್ಕಲಿಗನಿಗೆ ಒಕ್ಕಲುತನ ಹೇಳಿಕೊಟ್ಟ ಹಾಗೆ. ಪಕ್ಕದಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಹೊಳೆ ದಾಟಿದರೆ ಸಿರುಗುಪ್ಪದ ಗದ್ದೆಗಳು, ಈಚೆಗೆ ಸಿಂಧನೂರಿನ ಗದ್ದೆಗಳು. ನೆಲ್ಲಿನ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರ ನಿಮ್ಮ ಊರಿನಲ್ಲಿಯೇ ಇದೆ. ಪಟ್ಟಣದ ಜನ ಸೋನಾ ಮಸೂರಿ ಎಂದು ಹೆಸರು ಹಿಡಿದು ಕೇಳುವ ಅಕ್ಕಿ ಈ ಸೀಮೆಯ ಗಿರಣಿಗಳಿಂದ ಲಾರಿ ಲಾರಿಯಾಗಿ ಹೊರಡುತ್ತದೆ. ಆ ನೆಲ್ಲನ್ನು ಹೊರುವವರು, ಗಿರಣಿಗೆ ಸುರಿಯುವವರು, ಚೀಲ ಹೊಲಿಯುವವರು, ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವವರು ಈ ಸಭೆಯಲ್ಲಿ ಕುಳಿತಿದ್ದೀರಿ. ನೀವು ದಿನವೂ ಕೈಯಲ್ಲಿ ಹಿಡಿಯುವ ಸಂಗತಿಗಳನ್ನೇ ಒಂದು ಸಾಲಿನಲ್ಲಿ ಇಟ್ಟು ನೋಡೋಣ ಎಂದು ನಾವು ಬಂದಿದ್ದೇವೆ.

ನಮ್ಮ ಪ್ರಶ್ನೆಗಳು ಎರಡು. ಬೆಳೆದವನಿಗೆ ನ್ಯಾಯದ ಬೆಲೆ ಸಿಗುತ್ತಿದೆಯೆ? ದುಡಿಯುವವನ ತಟ್ಟೆಗೆ ಸತ್ವದ ಊಟ ಬರುತ್ತಿದೆಯೆ? ಸರ್ಕಾರದವರು ಬೆಲೆಯ ಪ್ರಶ್ನೆಯನ್ನು ಒಂದು ಇಲಾಖೆಗೂ ಊಟದ ಪ್ರಶ್ನೆಯನ್ನು ಇನ್ನೊಂದು ಇಲಾಖೆಗೂ ಹಂಚಿಕೊಟ್ಟು ಸುಮ್ಮನಾಗಿದ್ದಾರೆ. ನಮ್ಮ ಎಣಿಕೆಯಲ್ಲಿ ಇವೆರಡೂ ಒಂದೇ ಪ್ರಶ್ನೆ. ಹೊಲದಿಂದ ತಟ್ಟೆಯವರೆಗಿನ ದಾರಿಯಲ್ಲಿ ಯಾರ ಕೈಯಲ್ಲಿ ತಕ್ಕಡಿ ಇದೆಯೋ ಅವರು ಎರಡಕ್ಕೂ ಉತ್ತರ ಬರೆಯುತ್ತಾರೆ. ಆ ತಕ್ಕಡಿಯ ಒಂದು ಸಣ್ಣ ಪಾಲಾದರೂ ನಿಮ್ಮ ಕೈಗೆ ಬರಬೇಕು. ಇದೇ ನಮ್ಮ ಮಾತಿನ ಸಾರ.

ಮೊದಲು ಜೋಳದ ಕಥೆ ಕೇಳಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು, ಅದರ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಬರದ ಸೀಮೆಗೆ ನೀರನ್ನು ತೆಳ್ಳಗೆ ಹರಡಿ, ಹೆಚ್ಚು ಹೊಲಗಳ ಬಾಯಿ ಒದ್ದೆ ಮಾಡಬೇಕೆಂದು ಅದನ್ನು ಯೋಜಿಸಿದ್ದರು. ಜೋಳ, ಹತ್ತಿ, ಶೇಂಗಾ ಇವೇ ಮುಖ್ಯ ಬೆಳೆಗಳಾಗಿ, ನೆಲ್ಲಿಗೆ ಸಣ್ಣ ಪಾಲು ಮಾತ್ರ ಎಂದು ಗುರುತು ಹಾಕಿದ್ದರು. ಆಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು, ಬೆವರು ಸುರಿಸಿ, ಎರೆಭೂಮಿಯನ್ನು ಗದ್ದೆ ಮಾಡಿದರು. ಅವರನ್ನು ನೋಡಿ ಇಲ್ಲಿಯ ರೈತರೂ ಕಲಿತರು. ನೆಲ್ಲಿಗೆ ಕೈಮೇಲೆ ರೊಕ್ಕ ಬಂತು, ಗಿರಣಿಗಳು ಎದ್ದವು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಇದನ್ನು ನಾವು ಹಳಿಯುವುದಿಲ್ಲ.

ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಕಾಲುವೆಯ ಮೇಲ್ಭಾಗ ನೀರು ಕುಡಿದಷ್ಟೂ ಮಾನವಿ, ರಾಯಚೂರು ಕಡೆಯ ಕೊನೆಯಂಚಿನ ರೈತ ಒಣ ಕಾಲುವೆಯನ್ನು ನೋಡುತ್ತ ಕುಳಿತ. ಅಣೆಕಟ್ಟಿನಲ್ಲಿ ಹೂಳು ತುಂಬಿ, ಮೊದಲು 130 ಟಿಎಂಸಿಗೂ ಮೇಲಿದ್ದ ಸಂಗ್ರಹ 105ರ ಆಸುಪಾಸಿಗೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಒಂದು ಗೇಟಿನ ಚೈನಿಗೆ ನಾಲ್ಕು ಜಿಲ್ಲೆಗಳ ಅನ್ನ ಜೋತುಬಿದ್ದಿದೆ ಎಂಬುದು ಎಲ್ಲರ ಕಣ್ಣಿಗೂ ಕಂಡಿತು. ನೀರು ನಂಬಿದ ಒಂದೇ ಬೆಳೆಯ ಮೇಲೆ ಇಡೀ ಸೀಮೆ ಕುಳಿತರೆ ಆಗುವ ಅಪಾಯ ಇದು.

ಹೊಲದಿಂದ ಹೋದ ಜೋಳ ತಟ್ಟೆಯಿಂದಲೂ ಹೋಯಿತು. ಹಿಂದೆ ಇಲ್ಲಿಯ ಹಳ್ಳಿಗಳಲ್ಲಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಬರ ಬಂದರೆ ಹಗೇವಿನ ಬಾಯಿ ತೆಗೆಯುತ್ತಿದ್ದರು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಬೇಳೆ, ಮಜ್ಜಿಗೆ ಇದು ಬಡವನ ಊಟವಾಗಿತ್ತು. ಇಂದು ಬಡವನ ತಟ್ಟೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ, ಮೇಲೆ ತಿಳಿಸಾರು. ಜೋಳದ ರೊಟ್ಟಿ ಈಗ ಪೇಟೆಯ ಖಾನಾವಳಿಯಲ್ಲಿ ರೊಕ್ಕ ಕೊಟ್ಟು ತಿನ್ನುವ ಪದಾರ್ಥ!

ಸತ್ವದ ಲೆಕ್ಕವನ್ನೂ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಇರುವ ಸಸಾರಜನಕ ಸುಮಾರು 8 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ, ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ಜೋಳದಲ್ಲಿ ಸಸಾರಜನಕ ಸುಮಾರು 10 ಗ್ರಾಂ, ನಾರು 10 ಗ್ರಾಂ, ಕಬ್ಬಿಣದ ಅಂಶ 4 ಮಿಲಿಗ್ರಾಂ ಹತ್ತಿರ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಕಂಡುಬಂತು. ಜೋಳ ಒಂದೇ ಇದಕ್ಕೆ ಮದ್ದು ಎಂದು ಹೇಳಿದರೆ ಸುಳ್ಳಾದೀತು. ಜಂತುಹುಳು, ಕೆಟ್ಟ ನೀರು, ಬಸುರಿಯ ದುಡಿಮೆ ಎಲ್ಲವೂ ಅದರಲ್ಲಿವೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ; ಲಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚುತ್ತದೆ. ಇವು ಖರ್ಚಿಲ್ಲದ ಮಾತುಗಳು, ಮನೆಗೆ ಹೋಗಿ ಹೇಳಿ. ಆದರೆ ಬುನಾದಿಯ ಕಾಳೇ ಜೊಳ್ಳಾದರೆ ಮೇಲಿನ ಉಪಾಯಗಳು ಎಷ್ಟು ನಡೆದಾವು?

ಗಿರಣಿಯ ಕೆಲಸಗಾರರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. 100 ಕಿಲೋ ನೆಲ್ಲು ಹಾಕಿದರೆ ಸುಮಾರು 67 ಕಿಲೋ ಅಕ್ಕಿ, 20 ಕಿಲೋ ಹೊಟ್ಟು, 8 ಕಿಲೋ ತೌಡು. ಕಾಳಿನ ಬಿ ಜೀವಸತ್ವದ ಬಹುಪಾಲು ಆ ತೌಡಿನಲ್ಲಿ ಹೋಗುತ್ತದೆ. 1890ರ ದಶಕದಲ್ಲಿಯೇ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ, ತೌಡು ಉಳಿದ ಅಕ್ಕಿ ಕೊಟ್ಟರೆ ಅವು ಮತ್ತೆ ಎದ್ದು ನಿಲ್ಲುವುದನ್ನೂ ಕಂಡರು. ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಮ್ಮಲ್ಲಿ ಮಾತ್ರ ಕೊಳ್ಳುವವರು ಹೆಚ್ಚು ಬಿಳಿಯದನ್ನೇ ಕೇಳಿದರು, ಗಿರಣಿಯವರು ಹೆಚ್ಚು ತಿಕ್ಕಿದರು. ಆ ಮೇಲೆ 2021ರ ಸ್ವಾತಂತ್ರ್ಯ ದಿನದಂದು ಕೇಂದ್ರ ಸರ್ಕಾರ ರೇಷನ್ ಅಕ್ಕಿಗೆಲ್ಲ ಪೌಷ್ಟಿಕಾಂಶ ಬೆರೆಸುವ ಯೋಜನೆ ಸಾರಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಯಂತ್ರದಿಂದ ಕಾಳು ಮಾಡಿ, ನೂರಕ್ಕೆ ಒಂದರಂತೆ ಬೆರೆಸಿದರು. ಹೆಂಗಸರು ಅದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಚೆಲ್ಲಿದರು! ಅದು ಪ್ಲಾಸ್ಟಿಕ್ ಅಲ್ಲ, ಚೆಲ್ಲಬೇಕಾಗಿಲ್ಲ. ಆದರೂ ಒಂದು ಕೈಯಿಂದ ತಿಕ್ಕಿ ತೆಗೆದು ಇನ್ನೊಂದು ಕೈಯಿಂದ ಬೆರೆಸುವ ಈ ಆಟಕ್ಕಿಂತ, ಒಂದೇ ಪಾಲಿಶಿನ ಅಕ್ಕಿ ಮತ್ತು ಎರಡು ಜೋಳದ ರೊಟ್ಟಿ ಸರಳವಾದ ದಾರಿಯಲ್ಲವೆ?

ಇನ್ನು ಬೆಲೆಯ ಮಾತಿಗೆ ಬರೋಣ. ರೇಷನ್ ಕೊಡುವ ಅಂಗಡಿಗೆ ನ್ಯಾಯಬೆಲೆ ಅಂಗಡಿ ಎಂದು ಹೆಸರು. ಒಳ್ಳೆಯ ಹೆಸರೇ. ಆದರೆ ಅದು ಕೊಳ್ಳುವವನ ನ್ಯಾಯ. ಬೆಳೆದವನಿಗೆ ಅಂಥದೊಂದು ಅಂಗಡಿ ಎಲ್ಲಿದೆ? ಬೆಂಬಲ ಬೆಲೆ ಇದೆ ಎನ್ನುತ್ತಾರೆ. 2025-26ರ ಸಾಲಿಗೆ ಸಾಮಾನ್ಯ ನೆಲ್ಲಿಗೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699, ಮಾಲ್ದಂಡಿ ಜೋಳಕ್ಕೆ 3,749 ರೂಪಾಯಿ ಎಂದು ಕೇಂದ್ರ ಗೊತ್ತುಮಾಡಿತು. ನಮ್ಮ ಪೇಟೆಯ ಲೆಕ್ಕದ 75 ಕಿಲೋ ಚೀಲಕ್ಕೆ ತಿರುಗಿಸಿದರೆ ನೆಲ್ಲಿಗೆ ಸುಮಾರು 1,777 ರೂಪಾಯಿ. ಆದರೆ ರಾಶಿಯಾದ ದಿನವೇ ಬೀಜ, ಗೊಬ್ಬರ, ಔಷಧದ ಸಾಲದವರು ಕಣದ ಅಂಚಿನಲ್ಲಿ ನಿಂತಿರುತ್ತಾರೆ. ಖರೀದಿ ಕೇಂದ್ರ ತೆರೆಯುವತನಕ, ತೆರೆದು ರೊಕ್ಕ ಖಾತೆಗೆ ಬರುವತನಕ ಕಾಯುವ ಶಕ್ತಿ ಸಣ್ಣ ರೈತನಿಗೆಲ್ಲಿದೆ? ನೆಲ್ಲಿನಲ್ಲಿ ನೂರಕ್ಕೆ 17, ಜೋಳದಲ್ಲಿ ನೂರಕ್ಕೆ 14ಕ್ಕಿಂತ ಹೆಚ್ಚು ತೇವವಿದ್ದರೆ ಸರ್ಕಾರ ಕೊಳ್ಳುವುದಿಲ್ಲ. ತೇವ ಅಳೆಯುವ ಯಂತ್ರ ರೈತನ ಬಳಿ ಇಲ್ಲ, ಕೊಳ್ಳುವವನ ಬಳಿ ಇದೆ. ಒಣಗಿಸುವ ಕಟ್ಟೆಯಿಲ್ಲದೆ ರಸ್ತೆಯ ಮೇಲೆ ಹರವಿದ ನೆಲ್ಲಿಗೆ ಮೋಡ ಕವಿದರೆ, ಹೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ.

1966ರ ಮಾರುಕಟ್ಟೆ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ತೂಕ ಬಹಿರಂಗವಾಗಿ ಆಗಬೇಕು, ರೈತನಿಗೆ ರಸೀದಿ ಸಿಗಬೇಕು, ದಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ಮಾರುವ ರೈತನ ಪಟ್ಟಿಯಲ್ಲಿ ಮುರಿಯಕೂಡದು. ಇದನ್ನು ತಿಳಿದ ರೈತರೆಷ್ಟು? ಬಿಳಿ ಚೀಟಿಯ ಮೇಲೆ ಲೆಕ್ಕ ಬರೆದು ಕೊಟ್ಟರೆ ಅದು ರಸೀದಿಯಲ್ಲ ಎಂದು ಹೇಳುವ ಧೈರ್ಯ ಎಷ್ಟು ಜನಕ್ಕಿದೆ? ಚೀಲ ಹೊರುವ ಹಮಾಲನಿಗೆ ಪ್ರತಿಯೊಂದು ಚೀಲದ ನಿಜವಾದ ತೂಕ ಬೆನ್ನಿಗೇ ಗೊತ್ತು. ಆ ಬೆನ್ನು ಸಾಕ್ಷಿ ಹೇಳಿದರೆ ಮೋಸಕ್ಕೆ ಎಡೆಯಿಲ್ಲ.

ಸಣ್ಣ ವ್ಯಾಪಾರಿಗಳೂ ಇಲ್ಲಿದ್ದೀರಿ. ನಿಮ್ಮನ್ನು ಶೋಷಕರ ಸಾಲಿನಲ್ಲಿ ನಿಲ್ಲಿಸುವ ಭಾಷಣಗಳು ಬೇಕಾದಷ್ಟಿವೆ. ನಾವು ಹಾಗೆ ಮಾಡುವುದಿಲ್ಲ. ಕೂಲಿಯವನಿಗೆ ಬಟವಾಡೆಯಾಗುವತನಕ ಉದ್ರಿ ಕೊಡುವವರು ನೀವು. ಹೋಲ್‌ಸೇಲಿನವನಿಗೆ ನಗದು ಕೊಟ್ಟು ತಂದು, ಗಿರಾಕಿಗೆ ಉದ್ರಿ ಕೊಟ್ಟು, ನಡುವೆ ಬಡ್ಡಿ ಕಟ್ಟುವವರು ನೀವು. ಮುಳುಗಿದ ಉದ್ರಿಯನ್ನು ತುಂಬಿಕೊಳ್ಳಲು ಬೆಲೆಯ ಮೇಲೆ ಒಂದೆರಡು ರೂಪಾಯಿ ಏರಿಸುವಿರಿ. ಆ ಹೊರೆಯನ್ನು ರೊಕ್ಕ ಸರಿಯಾಗಿ ಕೊಡುವ ಬಡವನೇ ಹೊರುತ್ತಾನೆ. ಈ ಗಂಟನ್ನು ಒಬ್ಬ ವ್ಯಾಪಾರಿ ಒಬ್ಬನೇ ಬಿಚ್ಚಲಾರ, ಒಬ್ಬ ಕೂಲಿಕಾರನೂ ಬಿಚ್ಚಲಾರ. ಇಬ್ಬರೂ ಕೂಡಿದರೆ ಬಿಚ್ಚಬಹುದು.

ಬಿಚ್ಚಿದವರ ಉದಾಹರಣೆಗಳಿವೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 1844ರಲ್ಲಿ ನೇಕಾರರು ಮತ್ತಿತರ ಕೆಲಸಗಾರರು 28 ಮಂದಿ ಕೂಡಿದರು. ಕೂಲಿ ಕಡಿಮೆ, ಅಂಗಡಿಯ ಸಾಲ ಹೆಚ್ಚು. ಕೊಂಡ ಹಿಟ್ಟು ಕಲಬೆರಕೆ, ತೂಕ ಖೋಟಾ. ಅವರು ವಾರವಾರ ಚಿಲ್ಲರೆ ಕೂಡಿಹಾಕಿ, ತಲೆಗೊಂದು ಪೌಂಡು ಪಾಲು ಮಾಡಿ, ಡಿಸೆಂಬರ್ 21ರಂದು ಒಂದು ಸಣ್ಣ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್, ಮೇಣದ ಬತ್ತಿ ಇಷ್ಟೇ ಸರಕು. ನಿಯಮಗಳೂ ಕೆಲವೇ: ಶುದ್ಧ ಸರಕು, ಪೂರ್ತಿ ತೂಕ, ಉದ್ರಿಯಿಲ್ಲ, ಪಾಲು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ, ಲಾಭವನ್ನು ಕೊಂಡ ಮಾಲಿನ ಪ್ರಮಾಣದಲ್ಲಿ ಹಂಚಿಕೆ. ಜಗತ್ತಿನ ಸಹಕಾರ ಚಳವಳಿಗೆ ಅದೇ ಮಾದರಿಯಾಯಿತು.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರ ಚರಿತ್ರೆ ಆ ಹಳ್ಳಿಯ ಹೆಸರಿನಿಂದ ಆರಂಭವಾಗುತ್ತದೆ.

ಜೋಳದ ವಿಷಯಕ್ಕೇ ಸಂಬಂಧಿಸಿದ ಉದಾಹರಣೆ ಬೇಕಾದರೆ ಬೀದರಿನ ನೆರೆಯ ಜಹೀರಾಬಾದಿಗೆ ಹೋಗಿ. ಒಂದು ಕಾಲಕ್ಕೆ ಅದೂ ನಮ್ಮಂತೆಯೇ ನಿಜಾಮರ ಸೀಮೆ. 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಲ್ಲಿ ಇರುವವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು. ರೇಷನ್ನಿನಲ್ಲಿ ಹೊರಗಿನ ಅಕ್ಕಿ ಬರುತ್ತಿತ್ತು, ಊರಿನ ಹೊಲ ಬೀಳು ಬಿದ್ದಿತ್ತು. 1990ರ ದಶಕದಲ್ಲಿ ಅವರು ಬೀಳು ಹೊಲಗಳಿಗೆ ಸಾಲ ಕೊಟ್ಟು ಜೋಳ ಬೆಳೆಸಿದರು. ಸಾಲವನ್ನು ರೊಕ್ಕದ ಬದಲು ಜೋಳದಲ್ಲಿಯೇ ಕಂತುಕಂತಾಗಿ ತೀರಿಸಿಕೊಂಡು ಊರಿನ ಕಣಜ ತುಂಬಿದರು. ಯಾರ ಮನೆ ಎಷ್ಟು ಬಡತನದಲ್ಲಿದೆ ಎಂಬುದನ್ನು ಊರವರೇ ಕೂಡಿ ಕುಳಿತು ಗೊತ್ತುಮಾಡಿ, ಮಳೆಗಾಲದ ಕಷ್ಟದ ದಿನಗಳಲ್ಲಿ ಕಡಿಮೆ ಬೆಲೆಗೆ ಹಂಚಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪಾರಿತೋಷಕ ಅವರಿಗೆ ಬಂತು.

ಇನ್ನೂ ಹತ್ತಿರ ಬನ್ನಿ. ಸಿಂಧನೂರಿನಿಂದ ರಾಯಚೂರಿನ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ಅಲ್ಲಿಯ ಜಾಗೃತ ಮಹಿಳಾ ಸಂಘಟನೆಯಲ್ಲಿ ಕೂಡಿದವರು ಕೂಲಿಗೆ ಹೋಗುವ ದಲಿತ ಹೆಣ್ಣುಮಕ್ಕಳು. ಅವರು ಬೇವಿನ ಬೀಜ ಕೂಡಿಸಿ ಗೊಬ್ಬರ ಮಾಡಿದರು. ಸುಟ್ಟ ಮಣ್ಣಿನ ಮಣಿಸರಗಳನ್ನು ಚಿಲಿಪಿಲಿ ಎಂಬ ಹೆಸರಿನಲ್ಲಿ ಮಾಡಿ ಮಾರಿದರು. ಅಕ್ಷರ ಬಾರದ ಕೈಗಳು ಬೆಲೆ ಕಟ್ಟಿ ಲೆಕ್ಕ ಇಡುವುದನ್ನು ಕಲಿತವು. ನಮ್ಮ ಜಿಲ್ಲೆಯ ಕೂಲಿ ಹೆಂಗಸರಿಂದ ಇದು ಆಗುವುದಾದರೆ ಗಿರಣಿ, ಪೇಟೆ, ಅಂಗಡಿ ಬಲ್ಲ ನಿಮ್ಮಿಂದ ಏಕೆ ಆಗದು?

ಈಗ ಒಂದು ಲೆಕ್ಕ ಹಾಕೋಣ. ನೂರು ಮನೆಗಳು ಕೂಡಿದವು ಎನ್ನಿ. ಮನೆಗೆ ತಿಂಗಳಿಗೆ 15 ಕಿಲೋ ಜೋಳ. ಒಟ್ಟು ತಿಂಗಳಿಗೆ 15 ಕ್ವಿಂಟಲು, ವರ್ಷಕ್ಕೆ 180 ಕ್ವಿಂಟಲು. ಎಕರೆಗೆ 6 ಕ್ವಿಂಟಲು ಎಂದು ಹಿಡಿದರೂ 30 ಎಕರೆಯ ಬೆಳೆ. ಕಾಲುವೆಯ ಕೊನೆಯಂಚಿನಲ್ಲಿ, ನೆಲ್ಲಿಗೆ ನೀರು ಸಾಲದ ಎರೆಹೊಲದಲ್ಲಿ ಹಿಂಗಾರಿ ಜೋಳ ಹಾಕುವ ಹತ್ತಿಪ್ಪತ್ತು ಸಣ್ಣ ರೈತರಿಗೆ ಇದು ಗಟ್ಟಿ ಗಿರಾಕಿ. ಬಿತ್ತುವ ಮೊದಲೇ ಅವರಿಗೆ ಮಾತು ಕೊಡೋಣ: ಬೆಂಬಲ ಬೆಲೆಗಿಂತ ಒಂದು ಪೈಸೆ ಕಡಿಮೆ ಕೊಡುವುದಿಲ್ಲ, ತೂಕವಾದ ದಿನವೇ ರೊಕ್ಕ.

ಬಂಡವಾಳ ಎಲ್ಲಿಂದ? ಮೂರು ತಿಂಗಳ ಜೋಳ 45 ಕ್ವಿಂಟಲಿಗೆ 3,699ರಂತೆ 1,66,455 ರೂಪಾಯಿ. ನೂರು ಮನೆಗೆ ಹಂಚಿದರೆ ಮನೆಗೆ 1,665. ತಿಂಗಳಿಗೆ 140 ರೂಪಾಯಿಯಂತೆ ಒಂದು ವರ್ಷ ಕೂಡಿಹಾಕಿದರೆ ಆಯಿತು. ಮೂರು ತಿಂಗಳಲ್ಲಿ ಮಾರಿ ಬಂದ ರೊಕ್ಕದಿಂದ ಮುಂದಿನ ಮೂರು ತಿಂಗಳ ಮಾಲು. ಕೊಂಡ ಬೆಲೆ ಕಿಲೋಗೆ 37. ಬಾಡಿಗೆ, ಹಮಾಲಿ, ಹಸನು ಮಾಡುವ ಖರ್ಚು, ಸವಕಳಿ ಸೇರಿ 2 ಎಂದು ಹಿಡಿಯಿರಿ. ಅಂಗಡಿಯವನಿಗೆ 2. ತಟ್ಟೆಗೆ ಬರುವಾಗ 41. ಈ ನಾಲ್ಕು ಅಂಕಿಗಳನ್ನೂ ಅಂಗಡಿಯ ಹಲಗೆಯ ಮೇಲೆ ಬರೆಯಬೇಕು. ಯಾರ ಕೈಗೆ ಎಷ್ಟು ಹೋಯಿತು ಎಂಬುದು ಕೂಲಿಕಾರನ ಮಗುವಿಗೂ ಓದಲು ಬರಬೇಕು.

ಸಂಘ ಹೊಸ ಅಂಗಡಿ ತೆರೆದು ಸಣ್ಣ ವ್ಯಾಪಾರಿಯ ಹೊಟ್ಟೆಗೆ ಹೊಡೆಯುವುದು ಬೇಡ. ಸಂಘ ಕೊಳ್ಳಲಿ, ಇರುವ ಅಂಗಡಿಗಳೇ ಗೊತ್ತುಮಾಡಿದ ದರಕ್ಕೆ ಮಾರಲಿ. ಮಾಲು ಸಂಘದ್ದು, ಬಂಡವಾಳ ಸಂಘದ್ದು. ವ್ಯಾಪಾರಿಗೆ ಹೋಲ್‌ಸೇಲಿನ ಬಡ್ಡಿಯೂ ಇಲ್ಲ, ಮುಳುಗುವ ಉದ್ರಿಯ ಭಯವೂ ಇಲ್ಲ. ಒಂದು ಪಾಲಿಶಿನ ಅಕ್ಕಿಯನ್ನೂ ಹೀಗೆಯೇ ಮಾರಬಹುದು. ತೌಡಿನ ಎಣ್ಣೆಯಂಶದಿಂದ ಅದು ಬೇಗ ಮುಗ್ಗುತ್ತದೆ. ಆದ್ದರಿಂದ ಹದಿನೈದು ದಿನಕ್ಕಾಗುವಷ್ಟೇ ಹಾಕಿಸಬೇಕು. ಜೋಳವನ್ನು ಹಿಟ್ಟಾಗಿ ಇಡದೆ ಕಾಳಾಗಿಯೇ ಇಡಬೇಕು, ಚೆನ್ನಾಗಿ ಒಣಗಿಸಿ.

ಕೆಲವರು ಕೇಳುತ್ತಾರೆ: ಪುಕ್ಕಟೆ ಅಕ್ಕಿ ಬರುವಾಗ 41 ರೂಪಾಯಿಯ ಜೋಳ ಯಾರು ಕೊಳ್ಳುತ್ತಾರೆ? ಸರಿಯಾದ ಪ್ರಶ್ನೆ. 2013ರಿಂದ ಅನ್ನಭಾಗ್ಯ ಹಸಿವನ್ನು ದೂರವಿಟ್ಟಿದೆ. ಆ ಹಕ್ಕಿನಲ್ಲಿ ಒಂದು ಕಾಳನ್ನೂ ಬಿಟ್ಟುಕೊಡಬೇಡಿ. ಅದರ ಜೊತೆಗೆ ಇನ್ನೊಂದನ್ನು ಕೇಳಿ: ನಮ್ಮ ಜಿಲ್ಲೆಯ ಜೋಳವನ್ನು ನಮ್ಮ ಜಿಲ್ಲೆಯಲ್ಲಿಯೇ ಬೆಂಬಲ ಬೆಲೆಗೆ ಕೊಂಡು ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಕೊಡಿ, ವರ್ಷದ ಹನ್ನೆರಡು ತಿಂಗಳೂ ಕೊಡಿ. ಹಿಂದಿನ ಕೆಲವು ವರ್ಷಗಳಲ್ಲಿ ಸರ್ಕಾರ ಇದನ್ನು ಮಾಡಿದ್ದುಂಟು. ಆದುದರಿಂದ ಆಗದು ಎಂದು ಹೇಳುವ ಹಾಗಿಲ್ಲ. ಆ ಬೇಡಿಕೆ ಈಡೇರುವತನಕ ನಿಮ್ಮ ಸಂಘ ನಡೆಯಲಿ. ಈಡೇರಿದ ಮೇಲೆ ತೊಗರಿಬೇಳೆ, ಶೇಂಗಾ ಎಣ್ಣೆಗೆ ಕೈಹಾಕಲಿ.

ಇನ್ನೊಂದು ಸಂದೇಹ: ಸಹಕಾರ ಸಂಘಗಳೆಲ್ಲ ಮುಳುಗಿದವಲ್ಲ ಎಂದು. ಎಲ್ಲವೂ ಮುಳುಗಿಲ್ಲ. ಮುಳುಗಿದವು ಮೂರು ಕಾರಣಕ್ಕೆ ಮುಳುಗಿದವು. ಉದ್ರಿ ಕೊಟ್ಟವು, ಲೆಕ್ಕ ಮುಚ್ಚಿಟ್ಟವು, ಊರ ದೊಡ್ಡವರ ಮನೆಯ ಜಗಲಿಯ ಮೇಲೆ ಕುಳಿತವು. ಆದುದರಿಂದ ಮೂರು ಕಟ್ಟಳೆಗಳನ್ನು ಮೊದಲ ದಿನವೇ ಬರೆದುಕೊಳ್ಳಿ. ನಗದು ವ್ಯಾಪಾರ, ಕಷ್ಟದಲ್ಲಿರುವ ಮನೆಗೆ ಅವರ ಪಾಲಿನ ರೊಕ್ಕದ ಮಿತಿಯೊಳಗೆ ಮಾತ್ರ ರಿಯಾಯಿತಿ. ಪ್ರತಿ ತಿಂಗಳು ಎಲ್ಲರೆದುರು ಲೆಕ್ಕ ಗಟ್ಟಿಯಾಗಿ ಓದುವುದು. ಆಡಳಿತ ಮಂಡಳಿಯಲ್ಲಿ ಅರ್ಧ ಹೆಣ್ಣುಮಕ್ಕಳು, ಏಕೆಂದರೆ ಕಾಳಿನ ಗುಣವನ್ನು ಅಂಗೈಯಲ್ಲಿ ಹಿಡಿದು ಹೇಳಬಲ್ಲವರು ಅವರು. ಸರ್ಕಾರದ ಮುದ್ರೆಯಿರುವ ತಕ್ಕಡಿ, ಒಂದು ತೇವ ಅಳೆಯುವ ಯಂತ್ರ ಇವೆರಡು ಸಂಘದ ಮೊದಲ ಆಸ್ತಿಯಾಗಲಿ. ಆ ಯಂತ್ರ ಸದಸ್ಯರಲ್ಲದ ರೈತರಿಗೂ ಪುಕ್ಕಟೆಯಾಗಿ ದೊರೆಯಲಿ. ಅಷ್ಟರಿಂದಲೇ ಪೇಟೆಯ ಅರ್ಧ ಸುಳ್ಳು ಓಡಿಹೋಗುತ್ತದೆ.

ಬಂಧುಗಳೆ, ಅಕ್ಕಿಯ ಕಣಜ ಎಂದು ನಿಮ್ಮ ಸೀಮೆಯನ್ನು ಹೊಗಳುವವರು ಬಹಳ. ಆದರೆ ಕಣಜ ತುಂಬುವವನ ಮಗುವಿನ ಮೈಯಲ್ಲಿ ರಕ್ತವಿಲ್ಲದಿದ್ದರೆ ಆ ಹೊಗಳಿಕೆಯನ್ನು ಏನು ಮಾಡುವುದು? ನೂರು ಮನೆ ಕೂಡದಿದ್ದರೆ ಮೂವತ್ತು ಮನೆಯಿಂದ ಹಿಡಿಯಿರಿ. ರಾಚ್‌ಡೇಲಿನವರು 28 ಮಂದಿಯಿದ್ದರು. ಇಂದು ಇಲ್ಲಿಂದ ಏಳುವ ಮೊದಲು ಹೆಸರು ಬರೆಸಿ, ಈ ತಿಂಗಳ 140 ರೂಪಾಯಿ ಯಾರ ಬಳಿ ಕೂಡಿಡುವುದೆಂದು ನಿಮ್ಮೊಳಗೇ ಗೊತ್ತುಮಾಡಿ, ಆ ವಹಿಯ ಮೊದಲ ಪುಟವನ್ನು ಎಲ್ಲರೆದುರು ಓದಿ. ಹಿಂಗಾರಿ ಬಿತ್ತನೆಗೆ ಮುಂಚೆ ರೈತರ ಮನೆಗೆ ಹೋಗಿ ಮಾತು ಕೊಡುವ ಕೆಲಸ ಇನ್ನೂ ಬಾಕಿಯಿದೆ.